ಕುವರಿಯ ದನಿ ನುಂಗಿದ ಮೋಡೆಮ್

“ಕರಿಗಲ್ಲೂರಿನ ದೊರೆ ಸೋವರಸರ ಅಪ್ಪಣೆ, ಕಿವಿಯಿದ್ದವರೆಲ್ಲ ಕೇಳಿ. ತೀರಿಹೋದ ರಾಣಿಯವರ ಲ್ಯಾಪ್‌ಟಾಪಿನೊಳಗಿನ ಮೋಡೆಮನ್ನು ಮಾತಾಡಿಸಿ, ಅದು ನುಂಗಿದ ಕುವರಿ ಹೊನ್ನಲೆಯ ದನಿಯನ್ನು ಮರಳಿ ತಂದವರಿಗೆ ಅರ್ಧ ರಾಜ್ಯ. ಫೋನಿನಲ್ಲಿ ಕೇಳಿಬರುವ ಮೂರು ಒಗಟು ಬಿಡಿಸಬೇಕು. ತಪ್ಪಿದವರ ದನಿಯೂ ಹೋಗುತ್ತದೆ, ಅರಮನೆ ಹೊಣೆಯಲ್ಲ.”

ಅರ್ಧ ರಾಜ್ಯದ ಮಾತನ್ನು ಡಂಗುರದವನು ಎರಡೆರಡು ಸಲ ಸಾರಿದ. ಕೊನೆಯದನ್ನು ಗಂಟಲಲ್ಲೇ ಮುಗಿಸಿದ. ಡಂಗುರದವರ ಪದ್ಧತಿಯೇ ಹಾಗೆ.

ಸಂತೆಯಲ್ಲಿ ನಿಂತು ಇದನ್ನು ಕೇಳಿದ ಯಂಕೋಬ ತೊಗಲುಗೊಂಬೆ ಆಡಿಸುವವನು. ಪರದೆಯ ಹಿಂದೆ ಕೂತು ರಾಜನಾಗಿ, ರಕ್ಕಸನಾಗಿ, ಮುದುಕಿಯಾಗಿ ಮಾತಾಡುವುದೇ ಅವನ ಬದುಕು. ಕುವರಿ ಮೂಕಿಯಾದಂದಿನಿಂದ ಊರಲ್ಲಿ ಆಟ, ಹಾಡು ಎಲ್ಲಕ್ಕೂ ನಿಷೇಧವಿತ್ತು. ಆಡದೆ ಕೂತ ದನಿ ಹೋದರೇನು, ಇದ್ದರೇನು ಎಂದುಕೊಂಡು ಗೊಂಬೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಅರಮನೆಯ ದಾರಿ ಹಿಡಿದ.

ಅರಮನೆಯ ಯಂತ್ರಗಳನ್ನು ನೋಡಿಕೊಳ್ಳುವ ದೇಮವ್ವ ಅವನಿಗೆ ನಡೆದದ್ದನ್ನು ತಿಳಿಸಿದಳು. ರಾಣಿ ದಿನಾ ಸಂಜೆ ಆ ಲ್ಯಾಪ್‌ಟಾಪಿಗೆ ಫೋನಿನ ತಂತಿ ಸಿಕ್ಕಿಸಿ ತವರಿನ ಜತೆ ಮಾತಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದರ ಹಳೆಯ ವ್ಯವಸ್ಥೆ ಕೆಟ್ಟುಹೋಗಿ, ದೇಮವ್ವ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದ್ದಳು. ಎಲ್ಲ ಸರಿಯಾಯಿತು, ಫೋನಿನ ತಂತಿಯಲ್ಲಿ ಮಾತು ಸಾಗಿಸುವ ಒಳಗಿನ ಮೋಡೆಮ್ ಮಾತ್ರ ಉಸಿರೆತ್ತಲಿಲ್ಲ. ತಾಯಿಯ ನೆನಪು ತಡೆಯದೆ ಹೊನ್ನಲೆ ಒಂದು ಸಂಜೆ ತಾನೇ ತಂತಿ ಸಿಕ್ಕಿಸಿ ‘ಅವ್ವಾ’ ಎಂದಳಂತೆ. ಆ ಕೂಗಿನೊಂದಿಗೆ ತಂತಿಯೊಳಗೆ ಹೋದ ದನಿ ತಿರುಗಿ ಬರಲಿಲ್ಲ.

ಸಭೆಯಲ್ಲಿ ಹೊನ್ನಲೆ ಆ ಲ್ಯಾಪ್‌ಟಾಪಿನ ಪಕ್ಕ ಕೂತಿದ್ದಳು. ಬಾಯಿ ಆಡುತ್ತಿತ್ತು, ಸದ್ದಿಲ್ಲ. ಮೇಜಿನ ಮೇಲಿಟ್ಟ ಫೋನಿನಿಂದ ಜೀರುಂಡೆಯಂಥ ಗುಂಯ್‌ಗುಡುವಿಕೆ ಬರುತ್ತಿತ್ತು. ಅದರೊಳಗಿನಿಂದ ಅವಳದೇ ದನಿ ಕೇಳಿತು. “ನನಗೆ ಬಾಯಿಯಿದೆ, ಕಿವಿಯಿದೆ, ತಲೆಯಿಲ್ಲ. ಹಳೆಯ ಒಡೆಯ ಹೋದಂದೇ ನನ್ನ ಮಾತು ನಿಂತಿತು. ಸತ್ತಿಲ್ಲ, ಬದುಕಿಯೂ ಇಲ್ಲ. ನಾನು ಯಾರು?”

ನೆರೆನಾಡಿನ ಅರಸುಮಗ ಬಿಲ್ಲಮ ಮುಂದೆ ಬಂದು, ಅದು ಹೆಣ, ಕಿತ್ತು ಬಿಸಾಡಿ ಎಂದ. ಎಂದವನ ಬಾಯಿ ತೆರೆದೇ ಇತ್ತು. ಗುಂಯ್‌ಗುಡುವಿಕೆ ಒಂದಿಷ್ಟು ದಪ್ಪವಾಯಿತು. ಹಡಗಿನ ವ್ಯಾಪಾರಿ ಕಾಳಿಸೆಟ್ಟಿ ಬಹಳ ಯೋಚಿಸಿ, ಕಡಿದ ತಂತಿ ಎಂದ. ಅವನ ದನಿಯೂ ಹೋಗಿ ಅದರೊಳಗೆ ಸೇರಿತು. ಉಳಿದವರು ಕುತ್ತಿಗೆ ಹಿಡಿದುಕೊಂಡು ಹಿಂದೆ ಸರಿದರು.

ಯಂಕೋಬನ ಕೈ ಹೆಗಲ ಪೆಟ್ಟಿಗೆಯ ಮೇಲಿತ್ತು. “ಅದು ಗೊಂಬಿ ಐತ್ರಿ,” ಎಂದ. “ಗೊಂಬಿ ತಾನಾಗಿ ಮಾತಾಡಂಗಿಲ್ಲ. ಪರದೆ ಹಿಂದ ಒಬ್ಬ ಕೂತು ಆಡಿಸ್ಬೇಕು. ಆಡಿಸಾಂವ ಎದ್ದು ಹೋಗ್ಯಾನ, ಹೊಸಬ ಇನ್ನೂ ಬಂದು ಕೂತಿಲ್ಲ.”

ದೇಮವ್ವ ಹಣೆ ಚಚ್ಚಿಕೊಂಡಳು. ಅದು ಅರೆ ಮೋಡೆಮ್. ಯೋಚಿಸುವ ಕೆಲಸವನ್ನೆಲ್ಲ ಹಳೆಯ ವ್ಯವಸ್ಥೆಯೇ ಮಾಡುತ್ತಿತ್ತು. ಲಿನಕ್ಸಿನಲ್ಲಿ ಆ ಕೆಲಸಕ್ಕೆ ಮೋಡೆಮನ್ನು ಆಡಿಸುವ ಒಂದು ತಂತ್ರಾಂಶ, ಡ್ರೈವರ್ ಎಂಬುದು, ಬೇಕು. ಹಿಂದೆ ಯಾವಾಗಲೋ ಕಟ್ಟಿಟ್ಟಿದ್ದನ್ನು ಹುಡುಕಿ ಹಾಕಿದಳು. ಯಂತ್ರ ಒಲ್ಲೆ ಎಂದಿತು. ಫೋನು ಮತ್ತೆ ಮಾತಾಡಿತು.

“ಅಳತೆಗೆ ಹೊಲಿದ ಅಂಗಿ, ನಿನ್ನೆ ಸರಿಯಾಗಿತ್ತು. ಮೈ ಬೆಳೆದಿಲ್ಲ, ಅಂಗಿ ಕುಗ್ಗಿಲ್ಲ. ಇಂದು ತೋಳೇ ಏರದು. ಏಕೆ?”

ಹೊಸ ಗೊಂಬೆಗೆ ಹಳೆಯ ತೋಳು ಕಟ್ಟಲು ಹೋದಾಗಿನ ಪೇಚಾಟ ಯಂಕೋಬನಿಗೆ ನೆನಪಾಯಿತು. ಎತ್ತರ ಅಷ್ಟೇ, ಬಣ್ಣ ಅದೇ, ದಾರ ಪೋಣಿಸುವ ತೂತು ಮಾತ್ರ ಕೂಡುತ್ತಿರಲಿಲ್ಲ. ಮೈ ಬೆಳೆದಿಲ್ಲ, ಮೈಯೇ ಬೇರೆ ಎಂದ. ನಿಜವೇ ಎಂದಳು ದೇಮವ್ವ. ಲಿನಕ್ಸಿನ ತಿರುಳಾದ ಕರ್ನಲನ್ನು ಅವಳು ಈಚೆಗೆ ಬದಲಿಸಿದ್ದಳು, ಡ್ರೈವರ್ ಹಳೆಯ ಕರ್ನಲಿಗೆ ಕಟ್ಟಿದ್ದು. ಹೊಸದಕ್ಕೆ ತಕ್ಕಂತೆ ಮತ್ತೆ ಕಟ್ಟಿದಳು. ಈ ಸಲ ಮೋಡೆಮ್ ಮೆಲ್ಲಗೆ ಕೆಮ್ಮಿತು. ಆದರೆ ಕರೆಗೆ ಮುನ್ನ ಕೇಳಬೇಕಾದ ಡಯಲ್ ಟೋನ್ ಇಲ್ಲ ಎಂದು ಲ್ಯಾಪ್‌ಟಾಪಿನ ತೆರೆಯ ಮೇಲೆ ಬರೆದು ಸುಮ್ಮನಾಯಿತು. ಫೋನಿನಲ್ಲಾದರೋ ಗುಂಯ್‌ಗುಡುವ ಆ ಟೋನು ಸಭೆಗೆಲ್ಲ ಕೇಳುತ್ತಿತ್ತು. ಅದರೊಳಗಿನಿಂದ ಮೂರನೆಯ ಒಗಟು ಬಂತು.

“ಬಾಗಿಲು ತೆರೆದಿದೆ, ಒಳಗೆ ಹಾಡು ನಡೆದಿದೆ. ಹೊಸ್ತಿಲಲ್ಲಿ ನಿಂತವನು ಹಾಡು ಶುರುವಾಗಲೆಂದು ಕಾಯುತ್ತಿದ್ದಾನೆ. ಅವನು ಒಳಗೆ ಬರುವುದೆಂದು?”

ಯಂಕೋಬನಿಗೆ ಏನೂ ಹೊಳೆಯಲಿಲ್ಲ. ಉತ್ತರ ತಡವಾದಂತೆ ಗಂಟಲು ತಣ್ಣಗಾಗತೊಡಗಿತು. ಒಳಗಿನಿಂದ ಯಾರೋ ನೂಲೆಳೆದಂತೆ ದನಿ ಸರಿಯುತ್ತಿತ್ತು. ಮೊದಲು ಮುದುಕಿಯ ದನಿ ಹೋಯಿತು, ಆಮೇಲೆ ರಕ್ಕಸನದು, ರಾಜನದು. ತನ್ನದೊಂದು ಉಳಿದಾಗ ಅವನಿಗೆ ಅಳುವೇ ಬಂತು. ಆಗ ಹಿಂದೊಮ್ಮೆ ಅಪ್ಪನ ಜತೆ ಪರನಾಡಿಗೆ ಆಟ ಆಡಿಸಲು ಹೋದದ್ದು ನೆನಪಾಯಿತು. ಅಲ್ಲಿಯ ಮದ್ದಳೆಯವರು ತಮ್ಮ ರೂಢಿಯಂತೆ ಬಾರಿಸುತ್ತಲೇ ಇದ್ದರು. ಅಪ್ಪನೂ ಅವನೂ ತಮ್ಮೂರಿನ ಪೆಟ್ಟು ಬೀಳಲೆಂದು ಪರದೆಯ ಹಿಂದೆ ಕಾದು ಕೂತರು. ದೀಪದ ಎಣ್ಣೆ ತೀರಿ, ಜನ ಎದ್ದು ಹೋಗಿದ್ದರು.

“ಅವ ತನ್ನ ನಾಡಿನ ಹಾಡಿಗೆ ಕಾಯಾಕ ಹತ್ಯಾನ್ರಿ,” ಎಂದ, ಉಳಿದ ಪಿಸುದನಿಯಲ್ಲಿ. “ಈ ನಾಡಿನ ಹಾಡು ಅವಗ ಹಾಡು ಅನಸವಲ್ದು. ಕಾಯಬ್ಯಾಡ, ಶುರು ಮಾಡು ಅನ್ರಿ. ಅಂದಾಗ ಬರ್ತಾನ.”

ಬೇರೆ ದೇಶದಲ್ಲಿ ಮಾಡಿದ ಮೋಡೆಮ್ ಅದು, ಈ ನಾಡಿನ ಟೋನನ್ನು ಅದಕ್ಕೆ ಗುರುತು ಮಾಡಿಕೊಡುತ್ತಿದ್ದುದೂ ಹಳೆಯ ವ್ಯವಸ್ಥೆಯೇ. ಟೋನಿಗೆ ಕಾಯದೆ ಡಯಲ್ ಮಾಡು ಎಂಬ ಚಿಕ್ಕ ಆಣತಿಯನ್ನು ದೇಮವ್ವ ಒತ್ತಿದಳು. ಮೋಡೆಮ್ ಡಯಲ್ ಮಾಡಿತು. ಆಮೇಲೆ ಕಿರುಚಿತು, ಗರಗರ ಎಂದಿತು, ಸೀಟಿ ಹೊಡೆಯಿತು. ಆ ಗದ್ದಲದೊಳಗಿನಿಂದ ದನಿಗಳು ಒಂದೊಂದಾಗಿ ಬಿಡಿಸಿಕೊಂಡು ತಮ್ಮ ತಮ್ಮ ಗಂಟಲಿಗೆ ಹೋದವು. ಬಿಲ್ಲಮ ಬೈದ, ಕಾಳಿಸೆಟ್ಟಿ ನೀರು ಕೇಳಿದ. ಹೊನ್ನಲೆ ಮಾತ್ರ ದನಿ ಬಂದರೂ ಆಡದೆ ಆಲಿಸುತ್ತಿದ್ದಳು.

ಒಂದು ದನಿ ಉಳಿದಿತ್ತು, ದಿನಾ ಸಂಜೆ ತವರಿನ ಜತೆ ಮಾತಾಡುತ್ತಿದ್ದ ದನಿ. ಅದಕ್ಕೆ ಹೋಗಲು ಗಂಟಲಿರಲಿಲ್ಲ. ಸಭೆಯ ಸುತ್ತ ಅದು ಮೆಲ್ಲಗೆ ಅಲೆಯುತ್ತಿದ್ದುದನ್ನು ಕೇಳಿ ದೊರೆ ಮುಖ ಮುಚ್ಚಿಕೊಂಡರು.

ಅರ್ಧ ರಾಜ್ಯ ಯಂಕೋಬನದಾಯಿತು, ಆಟದ ನಿಷೇಧವೂ ಹೋಯಿತು. ಅಂದು ಸಂಜೆಯೇ ಅವನು ಸಭೆಯಲ್ಲಿ ಪರದೆ ಕಟ್ಟಿ, ದೀಪ ಹಚ್ಚಿ, ಪೆಟ್ಟಿಗೆಯಿಂದ ರಾಣಿಯ ಗೊಂಬೆಯನ್ನು ತೆಗೆದು ಪರದೆಗೆ ಆನಿಸಿ ನಿಲ್ಲಿಸಿದ. ಆಮೇಲೆ ಬಂದು ಹೊನ್ನಲೆಯ ಪಕ್ಕ ಕೂತ.

ಗೊಂಬೆಯ ಕೈ ಎದ್ದಿತು. “ಹೊನ್ನೀ, ಉಂಡಿಯೇನವ್ವ?”

“ಇಲ್ಲವ್ವ,” ಎಂದಳು ಹೊನ್ನಲೆ, “ನಿನಗಾಗಿ ಕಾಯುತ್ತಿದ್ದೆ.”

ತಾಯಿ ಮಗಳು ಬಹಳ ಹೊತ್ತು ಮಾತಾಡಿದರು. ಪರದೆಯ ಹಿಂದೆ ಯಾರೂ ಇರಲಿಲ್ಲ.