ಕೆಂಗೋಟೆ ಪುರಭವನದ ಬೀಗ

"ಕೇಳ್ರಪ್ಪೋ ಕೇಳ್ರಿ! ಪ್ರಭುಗಳ ಮೂರು ಒಗಟು ಬಿಡಿಸಿದವರಿಗೆ ಪುರಭವನವೇ ಇನಾಮು. ತಪ್ಪು ಹೇಳಿದವರ ತಲೆ ಉಳಿಯೋದಿಲ್ಲ. ಯುಗಾದಿಯೊಳಗೆ ಯಾರೂ ಬಿಡಿಸದಿದ್ದರೆ ಕಟ್ಟಡ ನೆಲಸಮ!"

ಕೆಂಗೋಟೆಯಲ್ಲಿ ಡಂಗುರ ಹೀಗೆ ಸಾರಿತು. ಒಂದು ಕಾಲಕ್ಕೆ ಊರವರು ರಾಜನನ್ನೇ ಪ್ರಶ್ನೆ ಕೇಳುತ್ತಿದ್ದ ಭವನ ಅದು. ಕೆಮ್ಮಿನ ಬೇನೆ ಬಂದಾಗ ರಾಣಿ ಅದನ್ನು ರೋಗಿಗಳಿಗೆ ಬಿಟ್ಟುಕೊಟ್ಟಳು. ಬೇನೆ ಹರಡದಿರಲೆಂದು ನಂಟರನ್ನು, ರಾಜನನ್ನೂ, ಒಳಗೆ ಬಿಡಲಿಲ್ಲ. ಆರೈಕೆಗೆ ನಿಂತವಳು ಅಲ್ಲೇ ತೀರಿಕೊಂಡಳು. ಅಂದಿನಿಂದ ಬೀಗ. ದುಃಖ ದೊಡ್ಡದು, ನಿಜ. ಅದಕ್ಕಾಗಿ ಪರರ ತಲೆ ಕೇಳುವ ಹಕ್ಕು ರಾಜನಿಗೂ ಇಲ್ಲ.

"ಯಾರೂ ಸಂಸಾರ ಹೂಡದ, ಆದರೂ ಊರೆಲ್ಲ ನಮ್ಮದೆನ್ನುವ ಮನೆ ಯಾವುದು?" ರಾಜನ ಮೊದಲ ಒಗಟು.

ಭವನವನ್ನು ಉಗ್ರಾಣ ಮಾಡಬಯಸಿದ್ದ ಸೆಟ್ಟಿ "ದೇವಸ್ಥಾನ" ಎಂದ.

"ಅಲ್ಲಿ ದೇವರು ಹೆಂಡತಿಯ ಜೊತೆ ಇದ್ದಾನಲ್ಲ, ಸೆಟ್ಟರೆ," ಎಂದ ರಾಜ. ಯುಗಾದಿಗೆ ತಲೆ ತೆಗೆಯಲೆಂದು ಸೆಟ್ಟಿಯನ್ನು ಸೆರೆಮನೆಗೆ ತಳ್ಳಿದರು.

ಮಾಂಡಲಿಕನೊಬ್ಬ "ಪುರಭವನ" ಎಂದು ಮೊದಲನೆಯದನ್ನು ದಾಟಿದ.

"ಅಲ್ಲಿ ರಾಣಿಗೂ ಕೂಲಿಯವಳಿಗೂ ಒಂದೇ ಅಳತೆಯಲ್ಲಿ ಸಿಕ್ಕಿದ್ದೇನು?"

"ನ್ಯಾಯ, ಮಹಾಪ್ರಭು."

"ಹೊಗಳಿಕೆ ಕೇಳಲಿಲ್ಲ, ಉತ್ತರ ಕೇಳಿದೆ." ಅವನೂ ಸೆರೆಗೆ.

ಆಮೇಲೆ ನೀರು ಹೊರುವ ತಿಪ್ಪ ಬಂದ. ಕಾವಲಿನವ ನಕ್ಕ: "ಲೋ, ತಲೆ ಹೋದ್ರೆ ಕೊಡ ಎಲ್ಲಿಟ್ಕೋತೀಯೋ?"

"ಆ ಬಾಗ್ಲು ತೆಗೆಯೋದಾದ್ರೆ ಹೋಗ್ಲಿ ಬಿಡಣ್ಣ."

ಮೊದಲನೆಯದನ್ನು ತಿಪ್ಪ ಸಲೀಸಾಗಿ ಹೇಳಿದ. ಎರಡನೆಯದಕ್ಕೆ, "ಚಾಪೆ, ಬುದ್ಧಿ. ನನ್ನ ಹೆಂಡ್ತಿ ಚೆಲುವಿಗೂ ರಾಣೆಮ್ಮನೋರಿಗೂ ಒಂದೊಂದು ಚಾಪೆ," ಎಂದ.

ರಾಜನ ದನಿ ತಗ್ಗಿತು. "ಒಳಗಿಟ್ಟು ಬೀಗ ಹಾಕಿದ್ದೇನೆ. ಆದರೂ ದಿನಾ ನನಗಿಂತ ಮೊದಲೇ ಅರಮನೆಗೆ ಬಂದಿರುತ್ತದೆ. ಏನದು?"

"ಕೆಮ್ಮು, ಬುದ್ಧಿ. ಒಳಕ್ಕೆ ಬಿಡ್ಲಿಲ್ಲ, ಬಾಗ್ಲಿಗೆ ಕಿವಿ ಇಟ್ಟು ಕೂತಿದ್ದೆ. ಅಷ್ಟು ಜನದಲ್ಲೂ ಅವಳ ಕೆಮ್ಮು ಗೊತ್ತಾಗ್ತಿತ್ತು. ಕೆಮ್ತಾ ಇದ್ರೆ ಬದುಕವ್ಳೆ ಅಂತ. ಒಂದು ಬೆಳಗ್ಗೆ ಕೇಳಿಸ್ಲಿಲ್ಲ. ಈಗ ಗುಡಿಸ್ಲಲ್ಲಿ ದಿನಾ ಕೇಳಿಸ್ತದೆ."

ರಾಜ ಸಿಂಹಾಸನದಿಂದ ಇಳಿದ. "ನಾನು ಇನ್ನೊಂದು ಬಾಗಿಲಲ್ಲಿ ಕೂತಿದ್ದೆ, ತಿಪ್ಪ. ಭವನ ನಿನ್ನದು."

"ಊರಿಗೇ ಇರ್ಲಿ, ಬುದ್ಧಿ. ಸೆರೆಯಲ್ಲಿರೋರನ್ನ ಬಿಟ್ಬಿಡಿ. ಅವಳು ಮಲಗಿದ್ದ ಜಾಗ ತೋರಿಸಿ, ಸಾಕು."

ಬಾಗಿಲು ತೆರೆಯಿತು. ಉದ್ದಕ್ಕೂ ಬರೀ ಕಲ್ಲುನೆಲ. ಚಾಪೆಗಳನ್ನು ಎಂದೋ ಸುಟ್ಟಿದ್ದರು. ರಾಣಿ ಎಲ್ಲಿ, ಚೆಲುವಿ ಎಲ್ಲಿ, ಹೇಳುವವರು ಯಾರೂ ಉಳಿದಿರಲಿಲ್ಲ. ಎಲ್ಲಿ ಕಾಲಿಟ್ಟರೆ ಅವಳನ್ನು ತುಳಿದಂತಾದೀತೋ ಎಂದು ತಿಪ್ಪ ಹೊಸ್ತಿಲಲ್ಲೇ ನಿಂತ. ರಾಜ ಪಾದುಕೆ ಕಳಚಿಟ್ಟು ಅವನ ಕೈ ಹಿಡಿದ.

ಇಂದು ಅಲ್ಲಿ ಊರಿನ ಸಭೆ ಸೇರುತ್ತದೆ, ಮದುವೆಗಳೂ ನಡೆಯುತ್ತವೆ. ಎಷ್ಟೇ ದೊಡ್ಡವರು ಬರಲಿ, ಚಪ್ಪಲಿ ಹೊರಗೆ. ಹೊಸಬರು ಕಾರಣ ಕೇಳಿದರೆ ಕೆಂಗೋಟೆಯವರು ಹೇಳುತ್ತಾರೆ:

"ಯಾರೋ ಮಲಗಿದ್ರಂತೆ. ಎಲ್ಲಿ ಅಂತ ಗೊತ್ತಿಲ್ಲ."