ಏನೂ ಬರೆಯದ ಓಲೆ

ಹೊಳೆಯ ಈಚೆ ದಡದಲ್ಲಿ ಆಶ್ರಮ. ಆಚೆ ದಡದಲ್ಲಿ ಸದಾ ಮಂಜು.

ಮಳೆಗಾಲದ ನಾಲ್ಕು ತಿಂಗಳು ಗುರುಗಳ ಜೊತೆಗಿರಲು ಒಬ್ಬರಿಗೆ ಮಾತ್ರ ಅವಕಾಶ. ಬೇಕೆಂದವರು ಆಚೆ ದಡದಲ್ಲಿ ನಿಂತು ತಮ್ಮ ಸಂಕಟವನ್ನು ಕೂಗಿ ಹೇಳಬೇಕು. ಗುರುಗಳು ಕಣ್ಣು ಮುಚ್ಚಿ ಕೇಳುವರು. ಯಾವ ದನಿ ನೀರು ದಾಟಿ ಬಂದು ಎದೆಗೆ ತಾಕಿತೋ, ಅವರಿಗೆ ದೋಣಿ ಹೋಗುವುದು.

ಶಿಷ್ಯ ವಾಮದೇವನಿಗೆ ದೂರದವರ ಚಿಂತೆ. ನಡೆಯಲಾರದವರು, ಹಾಸಿಗೆ ಹಿಡಿದವರು ಕರೆ ಸಿಗುವುದೋ ಇಲ್ಲವೋ ತಿಳಿಯದೆ ಇಲ್ಲಿಯವರೆಗೆ ಬಂದು ಕೂಗುವುದುಂಟೇ?

ಪೂರ್ವಾಶ್ರಮದಲ್ಲಿ ಅವನು ಕಂಪ್ಯೂಟರ್ ಕಲಿತವನು. ಗುರುಗಳ ಒಪ್ಪಿಗೆ ಪಡೆದು ಆಶ್ರಮದ ವೆಬ್‌ಸೈಟಿನಲ್ಲಿ ‘ಗುರುಗಳಿಗೆ ಬರೆಯಿರಿ’ ಎಂಬ ಲಿಂಕ್ ಇಟ್ಟ. ಒತ್ತಿದರೆ ಸಾಕು, ಇ-ಮೇಲ್ ತಾನೇ ತೆರೆದುಕೊಳ್ಳುವುದು. ವಿಳಾಸ, ವಿಷಯ, ಒಕ್ಕಣೆ, ಎಲ್ಲವೂ ಮೊದಲೇ ತುಂಬಿರುವುದು. ಬರೆಯಲು ತಡವರಿಸುವವರಿಗೆ ಸುಲಭವಾಗಲೆಂದು ಆ ಒಕ್ಕಣೆಯನ್ನು ಅವನೇ ಅಕ್ಕರೆಯಿಂದ ಬರೆದಿದ್ದ.

ಮೇಲ್‌ಗಳು ಹಿಂಡುಹಿಂಡಾಗಿ ಬಂದವು.

ಮೋಡ ಕವಿದ ಒಂದು ಸಂಜೆ, ಗುರುಗಳ ಪಕ್ಕದಲ್ಲಿ ಕಲ್ಲುಮೆಟ್ಟಿಲ ಮೇಲೆ ಕೂತು ವಾಮದೇವ ಓದತೊಡಗಿದ.

“ಪೂಜ್ಯರೇ, ನನ್ನ ಮನಸ್ಸು ಕದಡಿದ ಕೊಳ. ತಮ್ಮ ಸನ್ನಿಧಿಯಲ್ಲಿ ತಿಳಿಯಾಗಲು ಬಯಸುತ್ತೇನೆ.”

ಎರಡನೆಯದೂ ಕದಡಿದ ಕೊಳ. ಮೂರನೆಯದೂ ಅದೇ. ಕತ್ತಲಾಗುತ್ತ ಬಂತು, ಕೊಳಗಳು ಮುಗಿಯಲಿಲ್ಲ.

ಗುರುಗಳು ಕಣ್ಣು ತೆರೆಯದೆ ಕೇಳಿದರು. “ಇವರೆಲ್ಲ ಒಂದೇ ತಾಯಿಯ ಮಕ್ಕಳೇನಯ್ಯಾ?”

ಎಲ್ಲರೂ ಕಳಿಸಿದ್ದು ತಾನು ಬರೆದಿಟ್ಟ ಒಕ್ಕಣೆಯನ್ನೇ ಎಂದು ವಾಮದೇವ ನಾಚಿದ. ಹೊಳೆ ಏರುವ ಮುನ್ನ ದೋಣಿ ಹೋಗಬೇಕು. ಯಾರಿಗೆಂದು ಕಳಿಸುವುದು? ನಿಜವಾಗಿ ನೊಂದವರೊಬ್ಬರು ಈ ಗುಂಪಿನಲ್ಲಿ ಕಳೆದುಹೋಗಿದ್ದರೆ, ಕಳೆದವನು ತಾನೇ.

“ಮುಗಿಯಿತೇ?”

“ಇನ್ನೊಂದಿದೆ, ಗುರುಗಳೇ. ಖಾಲಿ. ಯಾರದೋ ಕೈತಪ್ಪಿ ಬಂದಿರಬೇಕು.”

“ಓದು.”

“ಓದಲು ಅದರಲ್ಲಿ ಏನೂ ಇಲ್ಲ.”

“ಹಾಗಾದರೆ ಅದನ್ನೇ ಓದು.”

ವಾಮದೇವ ಆ ಬಿಳಿ ಪರದೆಯನ್ನು ನೋಡುತ್ತ ಕೂತ. ಮಂಜು ಮೆಲ್ಲಗೆ ಹೊಳೆಗೆ ಇಳಿಯಿತು. ದಡ ಯಾವುದು, ನೀರು ಯಾವುದು, ಪರದೆ ಯಾವುದು ಎಂಬುದೇ ಅವನಿಗೆ ತಿಳಿಯದಾಯಿತು. ಆ ಬೆಳ್ಳನೆಯ ಮೌನದೊಳಗೆ ಯಾರೋ ನಿಂತಂತಿತ್ತು.

ಆಗ ಹೊಳೆಯಿತು. ತನ್ನ ಲಿಂಕ್ ಯಾರಿಗೂ ಖಾಲಿ ಹಾಳೆ ಕೊಡುವುದಿಲ್ಲ.

“ಅಳಿಸಿದ್ದಾರೆ,” ಎಂದ. “ನಾನು ಬರೆದದ್ದನ್ನೆಲ್ಲ ಅಳಿಸಿದ್ದಾರೆ. ತಮ್ಮ ಮಾತು ಸಿಕ್ಕಿಲ್ಲ. ಆದರೂ ಕಳಿಸಿದ್ದಾರೆ.”

ಗುರುಗಳು ಎದ್ದರು. ಗೂಟಕ್ಕೆ ಕಟ್ಟಿದ್ದ ದೋಣಿಯ ಹಗ್ಗ ಬಿಚ್ಚಿ ಶಿಷ್ಯನ ಕೈಗಿತ್ತರು.

ವಾಮದೇವ ಆ ವಿಳಾಸಕ್ಕೆ ‘ಬನ್ನಿ’ ಎಂದಷ್ಟೇ ಬರೆದ. ಆಮೇಲೆ ಹಗ್ಗ ಹಿಡಿದು, ತಲೆ ತಗ್ಗಿಸಿ ಕೇಳಿದ.

“ಆ ಲಿಂಕನ್ನು ತೆಗೆದುಬಿಡಲೇ, ಗುರುಗಳೇ?”

“ದೋಣಿ ಇರಲಿ, ಮಗು. ಬರುವವರು ಕೂರುವ ಜಾಗದಲ್ಲಿ ನೀನು ಮೊದಲೇ ಕೂತಿರಬೇಡ.”