ಮಾತಿಲ್ಲದ ಆಲ್ಬಮ್

ನೇತ್ರಾವತಿಯ ದಡದ ಸಣ್ಣ ಮನೆಯಲ್ಲಿ ಸಿರಿಲ್ ಮಾಸ್ತರರು ಇದ್ದರು. ಹರೆಯದಲ್ಲಿ ಇಬ್ಬರು ಗೆಳೆಯರೊಂದಿಗೆ ಅವರೊಂದು ರಾಕ್ ಆಲ್ಬಮ್ ಮಾಡಿದ್ದರು. ಅದರಲ್ಲಿ ಹಾಡುಗಾರನಿಲ್ಲ, ಒಂದು ಮಾತೂ ಇಲ್ಲ. ಗಿಟಾರ್, ಆರ್ಗನ್, ಡ್ರಮ್ಸ್, ಅಷ್ಟೇ. ಏಳು ಮಾತ್ರೆಯಲ್ಲಿ ಹೋಗುತ್ತಿದ್ದ ತಾಳ ಇದ್ದಕ್ಕಿದ್ದಂತೆ ಐದಕ್ಕೆ ಜಿಗಿಯುತ್ತಿತ್ತು.

ಆಗ ಕೇಳಿದವರು ತಲೆ ಕೆರೆದುಕೊಂಡರು. ಆಮೇಲೆ ಬಂದವರು ಅದನ್ನೇ ಪಾಠವೆಂದು ಕಲಿತರು.

ಹಾಗೆ ಕಲಿತವರಲ್ಲಿ ದಯಾಕರನೂ ಒಬ್ಬ. ಕಲಿತದ್ದು ಸಾಲದೆಂದು ಮಾಸ್ತರರನ್ನೇ ಹುಡುಕಿಕೊಂಡು ಬಂದು ಶಿಷ್ಯನಾಗಿದ್ದ. ಮರುದಿನ ಮಂಗಳೂರಿನ ವೇದಿಕೆಯಲ್ಲಿ ಅವನು ಆ ಆಲ್ಬಮ್ ನುಡಿಸಬೇಕಿತ್ತು.

ಬೆಳಗಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊನೆಗೆ ಹೊಳೆಯ ಮರಳಿನಲ್ಲಿ ಮಾಸ್ತರರ ಮುಂದೆ ಕೂತು ಗಿಟಾರಿನ ಭಾಗವನ್ನು ಮೊದಲಿಂದ ಕೊನೆಯವರೆಗೆ ನುಡಿಸಿದ.

“ಎಲ್ಲಿ ತಪ್ಪಿದೆ, ಮಾಸ್ತರ್ರೇ?”

“ಎಲ್ಲೂ ಇಲ್ಲ.”

“ಮತ್ತೆ ಯಾಕೆ ಹೆಣ ಹೊತ್ತ ಹಾಗಿದೆ?”

ದಯಾಕರ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದ.

“ಆ ಆಲ್ಬಮ್ ಮಾಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಅದನ್ನಾದರೂ ಹೇಳಿ.”

“ಮುಂದೆ ಯಾವ ಸ್ವರ ಬರುತ್ತದೋ ಎಂಬ ಗಾಬರಿ.”

“ನನಗೆ ಗಾಬರಿಯಿಲ್ಲ. ಮುಂದಿನದೆಲ್ಲ ಗೊತ್ತಿದೆ.”

“ಪಾಪ,” ಅಂದರು ಮಾಸ್ತರರು.

ದಯಾಕರನ ಮುಖ ಕೆಂಪಾಯಿತು. ಗಿಟಾರನ್ನು ಮರಳಿನ ಮೇಲೆ ಇಟ್ಟು ಎದ್ದ. “ನಾಳೆ ನಾನು ನುಡಿಸುವುದಿಲ್ಲ. ಇನ್ನು ಯಾವತ್ತೂ ಇದನ್ನು ಮುಟ್ಟುವುದೂ ಇಲ್ಲ.”

ಮಾಸ್ತರರು ಗಿಟಾರ್ ಎತ್ತಿಕೊಂಡರು. ಒಂದು ತಂತಿ ಬಿಗಿದರು, ಒಂದನ್ನು ಸಡಿಲಿಸಿದರು. ಆರೂ ತಂತಿಗಳ ಶ್ರುತಿ ಕೆಡಿಸಿ ಅವನ ಕೈಗಿಟ್ಟರು.

“ಈಗ ನುಡಿಸು.”

ಸಿಟ್ಟಿನಲ್ಲೇ ಅವನು ಕೂತ. ಬೆರಳು ಇಟ್ಟ ಕಡೆ ಬೇಕಾದ ಸ್ವರವಿರಲಿಲ್ಲ. ಇನ್ನೊಂದು ಕಡೆ ಇಟ್ಟ, ಅಲ್ಲೂ ಇಲ್ಲ. ಸಿಕ್ಕಿದ್ದನ್ನೇ ಹಿಡಿದು ಮುಂದಿನದನ್ನು ತಡಕಿದ. ಕಿವಿಗೊಟ್ಟ. ಮತ್ತೆ ತಡಕಿದ.

ಬಿಸಿಲು ಇಳಿಯಿತು. ಅವನಿಗೆ ಗೊತ್ತಾಗಲಿಲ್ಲ.

ತಡಕುತ್ತಿದ್ದ ಬೆರಳುಗಳಿಂದ ಒಂದು ಸಾಲು ಹೊರಟಿತು. ಕುಂಟುತ್ತ ಬಂದದ್ದು ತಿರುಗಿ ಮೇಲೇರಿತು. ಆಲ್ಬಮ್ಮಿನಲ್ಲಿ ಅದು ಎಲ್ಲೂ ಇರಲಿಲ್ಲ. ದಯಾಕರ ತಂತಿಗಳ ಮೇಲೆ ಅಂಗೈಯಿಟ್ಟು ಸದ್ದು ಅಡಗಿಸಿದ.

“ಇದು ನಿಮ್ಮದಲ್ಲ ಮಾಸ್ತರ್ರೇ. ನನ್ನದೂ ಅಲ್ಲ. ಹೆದರಿಕೆಯಾಗುತ್ತಿದೆ.”

“ನಮಗೂ ಆಗಿತ್ತು,” ಅಂದರು ಮಾಸ್ತರರು. “ನಾವು ನಿಲ್ಲಿಸಲಿಲ್ಲ, ಅಷ್ಟೇ.”